ಹುರುಳಿಯ ಮಡಕೆ: ದಿನಬಳಕೆಯ ಒಂದು ಅಡುಗೆಯ ಚಾರಿತ್ರಿಕ ನೆಲೆಗಳು

ಕನ್ನಡ ನಾಡಿನ ಆಹಾರ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಅರಮನೆಯ ಪಾಕಶಾಲೆಯಿಂದ ಆರಂಭವಾಗಿ ದೇವಾಲಯದ ನೈವೇದ್ಯದಲ್ಲಿ ಮುಗಿಯುತ್ತದೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಬರಹದ ಆಕರಗಳು ಅಲ್ಲಿ ಹುಟ್ಟಿದವು, ಅಲ್ಲಿಯೇ ಉಳಿದವು. ನಿತ್ಯ ಒಲೆಯ ಮೇಲೆ ಕುದಿಯುವ ಒಂದು ಮಡಕೆ ಕಾಳಿನ ಚರಿತ್ರೆಯನ್ನು ಬರೆಯಬೇಕೆಂದು ಹೊರಟವರಿಗೆ ಓಲೆಗರಿಯ ನೆರವು ಹೆಚ್ಚಾಗಿ ಸಿಗದು. ಆದರೂ ಆ ಮಡಕೆಗೆ ಚರಿತ್ರೆ ಇಲ್ಲವೆಂದಲ್ಲ. ಪ್ರಸ್ತುತ ಪ್ರಬಂಧದಲ್ಲಿ ದಕ್ಷಿಣ ಕರ್ನಾಟಕದ ಬಯಲುಸೀಮೆಯ ಮನೆಗಳಲ್ಲಿ ಹುರುಳಿಕಾಳನ್ನು ನೆನೆಸಿ, ಬೇಯಿಸಿ, ಬಸಿದು, ಒಗ್ಗರಣೆ ಕೊಡುವ ಅತ್ಯಂತ ಸರಳವಾದ ಅಡುಗೆಯನ್ನು ಎದುರಿಗಿಟ್ಟುಕೊಂಡು, ಅದರ ಹಿಂದಿರುವ ಕಾಲದ ಪದರಗಳನ್ನು ಗುರುತಿಸುವ ಪ್ರಯತ್ನ ಮಾಡಲಾಗಿದೆ. ಜೊತೆಗೆ, ಈ ವಿಷಯದಲ್ಲಿ ನಾನೇ ಮಾಡಿದ ಒಂದು ಕ್ಷೇತ್ರಕಾರ್ಯದ ತಪ್ಪನ್ನೂ ದಾಖಲಿಸುವುದು ಅಗತ್ಯವೆಂದು ತೋರಿದೆ. ಅದು ಒಬ್ಬರ ತಪ್ಪು ಮಾತ್ರವಲ್ಲ, ನಮ್ಮ ಅಧ್ಯಯನ ಶಿಸ್ತಿನ ಒಂದು ಅಭ್ಯಾಸವೂ ಆಗಿರಬಹುದೆಂಬುದು ನನ್ನ ಅನುಮಾನ.

ಮೊದಲು ಲಿಖಿತ ಆಕರಗಳನ್ನು ನೋಡಬಹುದು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (1025) ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವೆಂದು ಪರಿಗಣಿಸಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಕೃತಿ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಬೇಳೆಕಾಳುಗಳನ್ನು ಅರಿಸಿನ, ಇಂಗಿನ ನೀರುಗಳೊಡನೆ ಹದವಾಗಿ ಬೇಯಿಸುವ ಕ್ರಮದ ವಿವರಣೆ ಬರುತ್ತದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಷಟ್ಪದಿಯಲ್ಲಿ ಅಡುಗೆಯನ್ನು ಹೇಳುತ್ತದೆ. ಕೆಳದಿಯ ಬಸವಭೂಪಾಲನ ‘ಶಿವತತ್ತ್ವರತ್ನಾಕರ’ (1709) ಕೂಡ ಪಾಕವಿಚಾರವನ್ನು ಬಿಟ್ಟಿಲ್ಲ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ‘ಸೂಪ’ ಎಂಬ ಪದಕ್ಕೆ ಬೇಯಿಸಿದ ಬೇಳೆ, ತೊವ್ವೆ ಎಂಬುದೇ ಮೂಲಾರ್ಥ. ಅಂದರೆ ಇಡೀ ಪಾಕವಿದ್ಯೆಗೆ ಹೆಸರು ಬಂದದ್ದು ಕಾಳು ಬೇಯಿಸುವ ಕೆಲಸದಿಂದ. ಆದರೆ ಗ್ರಂಥಗಳ ಗಮನ ಹೆಚ್ಚಾಗಿ ಹೋಗಿರುವುದು ಹೂರಣದ ಕಡೆಗೆ, ಕಂಪಿನ ಕಡೆಗೆ, ಒಂದು ಪದಾರ್ಥವನ್ನು ಇನ್ನೊಂದರಂತೆ ತೋರಿಸುವ ಚಮತ್ಕಾರದ ಕಡೆಗೆ. ಹುರುಳಿಯ ಹೆಸರು ಇವುಗಳಲ್ಲಿ ಬರುವುದೇ ಇಲ್ಲವೆಂಬ ವಾದ ನನ್ನದಲ್ಲ. ಬಂದರೂ ಅದು ಅರಸನ ಭೋಗಕ್ಕೆ ಒಪ್ಪುವ ರೂಪದಲ್ಲಿ ಬರಬೇಕಾಗುತ್ತದೆ ಎಂಬುದಷ್ಟೇ ನನ್ನ ಮಾತು. ರಾತ್ರಿ ನೆನೆಹಾಕಿ ಬೆಳಗ್ಗೆ ಬೇಯಿಸಿ ಮುದ್ದೆಯೊಡನೆ ಉಣ್ಣುವ ಕಾಳಿಗೆ ಶಾಸ್ತ್ರದ ಅಗತ್ಯವಿರಲಿಲ್ಲ.

ಅಚ್ಚರಿಯ ಸಂಗತಿಯೆಂದರೆ, ಹುರುಳಿಯ ಅಡುಗೆಗೆ ಸಂಬಂಧಿಸಿದ ಬಹು ಹಳೆಯ ಉಲ್ಲೇಖವೊಂದು ಪಾಕಶಾಸ್ತ್ರದಲ್ಲಿಲ್ಲ, ವ್ಯಾಕರಣದಲ್ಲಿದೆ. ಪಾಣಿನಿಯ ‘ಅಷ್ಟಾಧ್ಯಾಯಿ’ಯ ನಾಲ್ಕನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ಯಾವುದೋ ಒಂದು ವಸ್ತುವಿನಿಂದ ‘ಸಂಸ್ಕರಿಸಿದ’ ಆಹಾರಕ್ಕೆ ಪದ ಕಟ್ಟುವ ವಿಧಾನವನ್ನು ಹೇಳುವಾಗ, ಕುಲತ್ಥಕ್ಕೆ ಬೇರೆಯದೇ ಪ್ರತ್ಯಯವನ್ನು ವಿಧಿಸಲಾಗಿದೆ. ಕುಲತ್ಥ ಎಂದರೆ ಹುರುಳಿ. ಅದರಿಂದ ಸಂಸ್ಕಾರಗೊಂಡದ್ದು ‘ಕೌಲತ್ಥ’. ಅದೇ ಸೂತ್ರದ ಅಡಿಯಲ್ಲಿ ವ್ಯಾಖ್ಯಾನಕಾರರು ಕೊಡುವ ಇನ್ನೊಂದು ಉದಾಹರಣೆ ‘ತೈತ್ತಿಡೀಕ’, ಅಂದರೆ ಹುಳಿಯಿಂದ ಸಂಸ್ಕಾರಗೊಂಡದ್ದು. ಹುರುಳಿಯೂ ಹುಳಿಯೂ ಒಂದೇ ಸೂತ್ರದ ನೆರಳಿನಲ್ಲಿ ಕುಳಿತಿರುವುದು ಆಕಸ್ಮಿಕವಿರಬಹುದು. ವ್ಯಾಕರಣದ ನಿಯಮ ಕೋಪಧ ಶಬ್ದಗಳನ್ನು ಒಟ್ಟುಗೂಡಿಸಿದೆಯೇ ಹೊರತು ರುಚಿಯನ್ನಲ್ಲ. ಆದರೆ ಬಳಕೆಯಲ್ಲಿಲ್ಲದ ಪದಕ್ಕೆ ವೈಯಾಕರಣ ಸೂತ್ರ ಬರೆಯುವುದಿಲ್ಲ. ವಾಯವ್ಯ ಭಾರತದ ಆಡುಮಾತಿನಲ್ಲಿ ಕ್ರಿಸ್ತಪೂರ್ವದ ಆ ಶತಮಾನಗಳಲ್ಲಿ ಹುರುಳಿ ಕೇವಲ ಮೇವಾಗಿರಲಿಲ್ಲ, ಅಡುಗೆಗೆ ರುಚಿ ಕೊಡುವ ಪದಾರ್ಥವೂ ಆಗಿತ್ತೆಂದು ಇದರಿಂದ ಹೇಳಬಹುದು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಸೀತಾಧ್ಯಕ್ಷ ಪ್ರಕರಣ ಕುಲತ್ಥವನ್ನು ಕಡೆಯಲ್ಲಿ ಬಿತ್ತುವ ಬೆಳೆಗಳ ಸಾಲಿಗೆ ಸೇರಿಸುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಕರ್ನಾಟಕದ ಮಟ್ಟಿಗೆ ಹುರುಳಿಯ ದಾಖಲೆ ಅಕ್ಷರಕ್ಕಿಂತ ಬಹಳ ಹಿಂದಿನದು. ಬಳ್ಳಾರಿ ಸಮೀಪದ ಸಂಗನಕಲ್ಲು, ಸಿರುಗುಪ್ಪ ಸೀಮೆಯ ತೆಕ್ಕಲಕೋಟೆ, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿದಾದ ಕಾಳುಗಳು ದೊರೆತಿವೆ. ತೆಕ್ಕಲಕೋಟೆಯನ್ನು 1963–64ರಲ್ಲಿಯೂ ಹಳ್ಳೂರನ್ನು 1965ರಲ್ಲಿಯೂ ಉತ್ಖನನ ಮಾಡಿದವರು ಎಂ. ಎಸ್. ನಾಗರಾಜರಾವ್. ಮುಂದೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಇದ್ದಿಲ ಚೂರುಗಳಲ್ಲಿ ಬೀಜಗಳನ್ನು ಹೆಕ್ಕುವ ವಿಧಾನದಿಂದ ಈ ನೆಲೆಗಳನ್ನು ಮರುಪರಿಶೀಲಿಸಿದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಆ ಜನರ ಊಟದಲ್ಲಿ ಮತ್ತೆಮತ್ತೆ ಕಾಣಿಸುವ ಕಾಳುಗಳು ಎರಡು, ಹುರುಳಿ ಮತ್ತು ಹೆಸರು. ಅವುಗಳ ಜೊತೆಗೆ ಕೊರಲೆಯೇ ಮೊದಲಾದ ಕಿರುಧಾನ್ಯಗಳು. ಅವರೆ ಬಂದದ್ದು ಅನಂತರ, ತೊಗರಿ ಬಂದದ್ದು ಇನ್ನೂ ತಡವಾಗಿ. ಹಳ್ಳೂರಿನಲ್ಲಿ ರಾಗಿ ಹೇರಳವಾಗಿತ್ತೆಂಬ ಹಿಂದಿನ ನಿರ್ಣಯವು ಈಚಿನ ಪರಿಶೀಲನೆಯಲ್ಲಿ ಹಾಗೆಯೇ ಉಳಿದಿಲ್ಲ. ಅಂದರೆ ಇಂದು ನಾವು ‘ಮುದ್ದೆ–ಹುರುಳಿಸಾರು’ ಎಂದು ಒಂದೇ ಉಸಿರಿನಲ್ಲಿ ಹೇಳುವ ಜೋಡಿಯಲ್ಲಿ ಹಿರಿಯದು ಹುರುಳಿ. ಮುದ್ದೆ ಆ ಮನೆಗೆ ಆಮೇಲೆ ಬಂದ ಸೊಸೆ.

ಇದೇ ವಿಷಯದಲ್ಲಿ 2017ರಲ್ಲಿ ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಪ್ರಕಟಿಸಿದ ಒಂದು ಅಧ್ಯಯನ ಜಾನಪದ ವಿದ್ಯಾರ್ಥಿಗಳು ಓದಬೇಕಾದದ್ದು. ಪ್ರಾಚೀನ ನೆಲೆಗಳ ಸುಟ್ಟ ಹುರುಳಿಕಾಳುಗಳ ಸಿಪ್ಪೆಯ ದಪ್ಪವನ್ನು ಅವರು ಸಿಂಕ್ರೋಟ್ರಾನ್ ಯಂತ್ರದ ಕ್ಷ-ಕಿರಣಗಳ ನೆರವಿನಿಂದ, ಕಾಳನ್ನು ಒಡೆಯದೆ ಅಳೆದರು. ಕಾಲ ಕಳೆದಂತೆ ಸಿಪ್ಪೆ ತೆಳುವಾಗುತ್ತ ಬಂದುದು ಕಂಡುಬಂತು. ಕಾಡುಗಿಡದ ಬೀಜಕ್ಕೆ ದಪ್ಪ ಸಿಪ್ಪೆ ರಕ್ಷಣೆ. ಎಲ್ಲವೂ ಒಂದೇ ಮಳೆಗೆ ಮೊಳೆಯದೆ ಕೆಲವು ನೆಲದಲ್ಲಿ ಕಾದು ಕೂರಬೇಕು. ಬಿತ್ತುವ ಮನುಷ್ಯನಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಗುಣ, ಬಿತ್ತಿದ್ದೆಲ್ಲ ಒಟ್ಟಿಗೆ ನೀರು ಹೀರಿ ಮೊಳೆಯಬೇಕು. ಹೊಲದಲ್ಲಿ ಒಟ್ಟಿಗೆ ನೀರು ಹೀರುವ ಕಾಳು ಮಡಕೆಯಲ್ಲಿಯೂ ಒಟ್ಟಿಗೆ ನೆನೆಯುತ್ತದೆ. ಹೀಗಾಗಿ ಬಿತ್ತನೆಯ ಆಯ್ಕೆಯೂ ಅಡುಗೆಯ ಅನುಕೂಲವೂ ಒಂದೇ ದಿಕ್ಕಿಗೆ ನಡೆದಂತೆ ತೋರುತ್ತದೆ. ಇಂದಿಗೂ ನೆನೆಹಾಕಿದ ಪಾತ್ರೆಯ ತಳದಲ್ಲಿ ಬೆಳಗ್ಗೆ ನಾಲ್ಕಾರು ಕಾಳು ಕಲ್ಲಿನಂತೆ ಉಳಿದಿರುತ್ತವೆ. ಹೆಂಗಸರು ಅವನ್ನು ಬೆರಳಿನಿಂದ ತಡವಿ ತೆಗೆದು ಹಿತ್ತಿಲಿಗೆ ಎಸೆಯುತ್ತಾರೆ. ಆ ಕಾಳುಗಳು ಕಾಡಿನ ನೆನಪನ್ನು ಇನ್ನೂ ಬಿಟ್ಟಿಲ್ಲ.

ಇನ್ನು ಜಾನಪದ ಆಕರಗಳು. ಇಲ್ಲಿ ನಾವು ನಿರಾಶೆಗೊಳ್ಳುತ್ತೇವೆ, ಮತ್ತು ಆ ನಿರಾಶೆಗೆ ಕಾರಣವನ್ನು ಹುಡುಕಬೇಕು. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಪ್ರಕಟವಾದಂದಿನಿಂದ ಕನ್ನಡ ಜನಪದ ಸಂಗ್ರಹ ಬೀಸುವ ಕಲ್ಲಿನ ಸುತ್ತ ಬೆಳೆಯಿತು. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ಕಳೆ ಕೀಳುವ ಪದ ಎಂದು ಕೆಲಸಕ್ಕೊಂದು ಹಾಡಿನ ವರ್ಗವಿದೆ. ಬೇಯಿಸುವ ಪದ ಎಂಬ ವರ್ಗವಿಲ್ಲ. ಬೀಸುವಾಗ ತೋಳಿಗೆ ಲಯ ಬೇಕು. ಇಬ್ಬರು ಕುಳಿತರೆ ಲಯ ಇನ್ನೂ ಅಗತ್ಯ. ಒಲೆಯ ಮುಂದಿನ ಕೆಲಸಕ್ಕೆ ಲಯವಿಲ್ಲ, ಎಚ್ಚರ ಮಾತ್ರ ಉಂಟು. ಸೌದೆ ಹಿಂದಕ್ಕೆ ಎಳೆಯುವುದು, ಮುಚ್ಚಳ ಸರಿಸುವುದು, ನೊರೆ ತೆಗೆಯುವುದು, ನಡುವೆ ಮಗುವನ್ನು ಎತ್ತಿಕೊಳ್ಳುವುದು, ಹೀಗೆ ತುಂಡುತುಂಡಾದ ಗಮನಕ್ಕೆ ಹಾಡು ಅಂಟುವುದಿಲ್ಲ. ಹಾಡನ್ನು ಹಿಂಬಾಲಿಸಿ ಹೋದ ನಮ್ಮ ಶಿಸ್ತು, ಹಾಡು ನಿಂತ ಕಡೆ ತಾನೂ ನಿಂತುಬಿಟ್ಟಿತು. ಹಿಟ್ಟು ಬೀಸುವವರೆಗಿನ ಹೆಣ್ಣು ನಮ್ಮ ಸಂಪುಟಗಳಲ್ಲಿದ್ದಾಳೆ. ಆ ಹಿಟ್ಟು ಎಸರಿಗೆ ಬಿದ್ದ ಮೇಲೆ ಅವಳು ಕಾಣೆಯಾಗುತ್ತಾಳೆ.

ಈ ಮಾತನ್ನು ಹೇಳುವ ಅಧಿಕಾರ ನನಗೆ ಬಂದದ್ದು ಜಾಣತನದಿಂದಲ್ಲ. ಡಾಕ್ಟರೇಟ್ ಅಧ್ಯಯನದ ಕಾಲದಲ್ಲಿ, 2006ರ ಡಿಸೆಂಬರಿನಲ್ಲಿ, ಮಂಡ್ಯ ಜಿಲ್ಲೆಯ ಮಳೆಯಾಶ್ರಿತ ಭಾಗದ ಒಂದು ಹಳ್ಳಿಯಲ್ಲಿ ಹಾಡುಗಾರ್ತಿಯೊಬ್ಬರ ಮನೆಯಲ್ಲಿ ನಾನು ಮೂರು ದಿನ ಉಳಿದಿದ್ದೆ. ಎಪ್ಪತ್ತು ದಾಟಿದ್ದ ಆ ತಾಯಿ ನನಗೆ ಅನ್ನವನ್ನೂ ತೊಗರಿಬೇಳೆಯ ಸಾರನ್ನೂ ಬಡಿಸಿದರು. ನಾನು ಟಿಪ್ಪಣಿ ಪುಸ್ತಕದಲ್ಲಿ ‘ಮನೆಯ ನಿತ್ಯದ ಆಹಾರ: ಅನ್ನ, ಬೇಳೆಸಾರು’ ಎಂದು ಬರೆದುಕೊಂಡೆ. ಎರಡು ದಿನವೂ ಅದೇ ಊಟ, ಆದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಮೂರನೆಯ ದಿನ ಹೊತ್ತಿಗೆ ಮುಂಚೆ ಎದ್ದು ಹಿತ್ತಿಲಿಗೆ ಹೋದಾಗ, ಹೊರಗಿನ ಒಲೆಯ ಮೇಲೆ ದೊಡ್ಡದೊಂದು ಮಡಕೆ ಬೇಯುತ್ತಿತ್ತು. ಮನೆಮಂದಿ ಸುತ್ತ ಕುಳಿತು ಅದರ ಕಟ್ಟಿನ ಸಾರಿನೊಡನೆ ಮುದ್ದೆ ಉಣ್ಣುತ್ತಿದ್ದರು. ನಾನು ಪುಸ್ತಕ ತೆಗೆದೆ. ಆ ತಾಯಿ ನಕ್ಕು, “ಅದೇನ್ ಬರ್ಕತೀಯ ಮಗ, ಹುಳ್ಳಿಕಾಳು ಕಣವ್ವ. ನೆಂಟ್ರಿಗಿಕ್ಕೊ ಅಡ್ಗೆಯಾ ಅದು? ದನಿಗೆ ಬೇಯ್ಸೋ ಕಾಳು ಅಂತ ಆಡ್ಕತಾರೆ” ಎಂದರು. ನನಗೆ ಬಡಿಸಿದ್ದ ಅಕ್ಕಿ, ಬೇಳೆ ಎರಡನ್ನೂ ಅವರು ನಾನು ಬರುವ ಸುದ್ದಿ ಕೇಳಿ ಅಂಗಡಿಯಿಂದ ತರಿಸಿದ್ದರು. ಅಂದರೆ ನಾನು ದಾಖಲಿಸಿದ್ದು ಆ ಮನೆಯ ಆಹಾರವನ್ನಲ್ಲ, ನನ್ನ ಬಗ್ಗೆ ಆ ಮನೆಗಿದ್ದ ಮರ್ಯಾದೆಯನ್ನು. ಅದಕ್ಕೂ ಹಿಂದೆ ಹತ್ತಾರು ಮನೆಗಳಲ್ಲಿ ಹೀಗೆಯೇ ಬರೆದುಕೊಂಡಿದ್ದ ಟಿಪ್ಪಣಿಗಳೆಲ್ಲ ಅಂದು ಸಂಶಯಾಸ್ಪದವಾದವು. ಅತಿಥಿಯ ತಟ್ಟೆಯನ್ನು ಮನೆಯ ಮಡಕೆಯೆಂದು ತಿಳಿಯುವ ಈ ದೋಷ ಆಹಾರ ಜಾನಪದದ ಎಷ್ಟು ಪುಟಗಳಲ್ಲಿ ಉಳಿದಿದೆಯೋ!

ಆಕೆ ವಿವರಿಸಿದ, ಮುಂದೆ ಹಾಸನ, ತುಮಕೂರು ಜಿಲ್ಲೆಗಳ ವಕ್ತೃಗಳೂ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಹೇಳಿದ ಕ್ರಮ ಇದು. ಕಾಳನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಬೇಕು. ಹುರುಳಿಯ ಬಣ್ಣದ ಕಲ್ಲು ಹುರುಳಿಯ ಗಾತ್ರದಲ್ಲಿಯೇ ಇರುವುದರಿಂದ ಇದಕ್ಕೆ ಹಗಲ ಬೆಳಕು ಬೇಕು. ಎರಡು ಮೂರು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಬೇಕು. ಮೊಳಕೆ ಬೇಕಿದ್ದರೆ ಬೆಳಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ, ಮೇಲೊಂದು ಭಾರ ಹೇರಿ ಇನ್ನೊಂದು ರಾತ್ರಿ ಬಿಡಬೇಕು. ಚಳಿಗಾಲದಲ್ಲಿ ಗಂಟನ್ನು ಒಲೆಯ ಪಕ್ಕದಲ್ಲಿ ಇಡುವುದುಂಟು. ಬೇಯಲು ಕಾಳಿನ ನಾಲ್ಕರಷ್ಟಾದರೂ ನೀರು ಇರಬೇಕು, ಕಾರಣ ನೀರೇ ಮುಂದೆ ಸಾರು. ಮೊದಲ ಕುದಿಯಲ್ಲಿ ಏಳುವ ನೊರೆಯನ್ನು ಸಟ್ಟುಗದಿಂದ ತೆಗೆಯುತ್ತಾರೆ. ಆಮೇಲೆ ಉರಿ ತಗ್ಗಿಸಿ, ಬಾಯಿ ಮುಚ್ಚಿ ಬಿಟ್ಟುಬಿಡುವುದೇ ಅಡುಗೆ. ಎರಡು ಬೆರಳುಗಳ ನಡುವೆ ಹಿಸುಕಿದರೆ ನುಣ್ಣಗಾಗಬೇಕು, ಆದರೆ ಮಡಕೆಯಲ್ಲಿ ಕಾಳು ಒಡೆದಿರಬಾರದು.

ಈ ಹಂತದಲ್ಲಿ ಪಾಲಿಸುವ ಒಂದು ನಿಷೇಧ ಎಲ್ಲ ವಕ್ತೃಗಳ ಬಾಯಿಂದಲೂ ಬಂತು. ಕಾಳು ಬೇಯುವ ಮುನ್ನ ಹುಣಸೆಹುಳಿ ಹಾಕಬಾರದು. ಹಾಕಿದರೆ ‘ಕಾಳು ಮುನಿಸಿಕೊಳ್ಳುತ್ತದೆ’ ಎಂದು ತುರುವೇಕೆರೆ ಸೀಮೆಯ ಒಬ್ಬ ಹೆಣ್ಣುಮಗಳು ಹೇಳಿದಳು. ಕಾಳಿನ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಆಮ್ಲದ ಸಂಗದಲ್ಲಿ ಬೇಗ ಕರಗುವುದಿಲ್ಲವೆಂದು ಆಹಾರವಿಜ್ಞಾನ ಹೇಳುತ್ತದೆ. ಅದೇ ರೀತಿ ನೀರಿನ ವಿಷಯ. ಊರಿನಲ್ಲಿ ಹಲವು ಬಾವಿಗಳಿದ್ದರೂ ಕಾಳು ಬೇಯಿಸಲು ಕೆರೆಯ ನೀರನ್ನೋ ನಿರ್ದಿಷ್ಟವಾದ ಒಂದು ಸಿಹಿನೀರಿನ ಬಾವಿಯ ನೀರನ್ನೋ ಹೊತ್ತು ತರುತ್ತಿದ್ದರು. ಗಡುಸು ನೀರಿನ ಸುಣ್ಣದ ಅಂಶ ಅದೇ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ. ನೀರು ತರುವ ಹೆಣ್ಣಿನ ನಡಿಗೆಯ ದೂರವನ್ನು ಹೀಗೆ ಕಾಳಿನ ಸಿಪ್ಪೆಯೊಳಗಿನ ರಸಾಯನ ನಿರ್ಧರಿಸುತ್ತಿತ್ತು. ಯಾವ ಬಾವಿಗೆ ಯಾರು ಹೋಗಬಹುದು ಎಂಬ ಪ್ರಶ್ನೆ ಇದರ ಜೊತೆಗೇ ಬರುತ್ತದೆ. ಸಿಹಿನೀರಿನ ಬಾವಿ ಮೇಲುಕೇರಿಯಲ್ಲಿದ್ದರೆ ಕೆಳಕೇರಿಯ ಮಡಕೆಗೆ ಹೆಚ್ಚು ಸೌದೆ ಬೇಕಾಗುತ್ತಿತ್ತು. ಅಸ್ಪೃಶ್ಯತೆಯನ್ನು ಸೌದೆಯ ಲೆಕ್ಕದಲ್ಲಿ ಅಳೆದವರು ನಮ್ಮಲ್ಲಿ ವಿರಳ.

ಬೆಂದ ಕಾಳನ್ನು ಬಸಿದರೆ ದೊರೆಯುವ ಕಂದು ಬಣ್ಣದ ತಿಳಿಯೇ ಕಟ್ಟು. ‘ಬಸ್ಸಾರು’ ಎಂಬ ಹೆಸರು ‘ಬಸಿದ ಸಾರು’ ಎಂಬುದರ ಸವೆದ ರೂಪ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೆಂಡದಲ್ಲಿ ಸುಟ್ಟ ಈರುಳ್ಳಿ, ತುಸು ತೆಂಗಿನಕಾಯಿ ಇವುಗಳನ್ನು ಒಂದು ಹಿಡಿ ಬೆಂದ ಕಾಳಿನೊಡನೆ ಒರಳಿನಲ್ಲಿ ರುಬ್ಬಿ ಕಟ್ಟಿಗೆ ಕೂಡಿಸಿ, ಈಗ ಹುಳಿ ಹಿಂಡಿ ಕುದಿಸುತ್ತಾರೆ. ಉಳಿದ ಕಾಳಿಗೆ ಬೇರೆ ಒಗ್ಗರಣೆ. ಬಾಣಲೆಯಲ್ಲಿ ಹುಚ್ಚೆಳ್ಳೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಕಾಯಿಸಿ, ಸಾಸಿವೆ ಸಿಡಿಸಿ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಮುರಿದ ಮೆಣಸಿನಕಾಯಿ ಹಾಕಿ, ಈರುಳ್ಳಿ ಬಾಡಿಸಿ ಕಾಳನ್ನು ಸುರಿದು ಉಪ್ಪು ಬೆರೆಸಿದರೆ ಪಲ್ಯ. ಒಂದೇ ಮಡಕೆಯಿಂದ ಎರಡು ಪದಾರ್ಥ. ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ, ಮೂರನೆಯ ದಿನವೂ ಕಾಯಿಸಿ ಉಣ್ಣುವವರಿದ್ದಾರೆ.

ಒಗ್ಗರಣೆಯ ಈ ಪಟ್ಟಿಯನ್ನು ಕಾಲಾನುಕ್ರಮದಲ್ಲಿ ಬಿಡಿಸಿ ನೋಡಬಹುದು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. 1510ರಲ್ಲಿ ಗೋವಾವನ್ನು ಹಿಡಿದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಈ ಕರಾವಳಿಗೆ ಇಳಿಯಿತು. ಕನ್ನಡ ಭಾಷೆ ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ. ಹಳೆಯ ಮೆಣಸಿನ ಹೆಸರಿಗೆ ‘ಕಾಯಿ’ ಸೇರಿಸಿ ಮೆಣಸಿನಕಾಯಿ ಎಂದಿತು. ಕ್ರಮೇಣ ಹೊಸಬ ಎಷ್ಟು ಬಲವಾಗಿ ಊರಿದನೆಂದರೆ, ಹಳೆಯ ಮೆಣಸೇ ತನ್ನನ್ನು ‘ಕರಿಮೆಣಸು’, ‘ಕಾಳುಮೆಣಸು’ ಎಂದು ಬಿಡಿಸಿ ಹೇಳಿಕೊಳ್ಳಬೇಕಾಯಿತು. ಕಡಲೆಕಾಯಿ ಎಣ್ಣೆಯೂ ಅದೇ ಖಂಡದಿಂದ ಬಂದ ಬೆಳೆಯದು. ಆದ್ದರಿಂದ ಇಂದಿನ ಒಗ್ಗರಣೆಯ ಖಾರಕ್ಕೆ ಐದು ಶತಮಾನಗಳಿಗಿಂತ ಹೆಚ್ಚಿನ ವಯಸ್ಸಿಲ್ಲ. ನೆನೆಸಿ ಬೇಯಿಸುವ ಕ್ರಿಯೆಗೆ ಮೂರೂವರೆ ಸಾವಿರ ವರ್ಷಗಳಾದರೂ ಆಗಿವೆ. ‘ಸಾಂಪ್ರದಾಯಿಕ’ ಎಂಬ ಒಂದೇ ವಿಶೇಷಣವನ್ನು ಇಡೀ ಅಡುಗೆಗೆ ಹಚ್ಚುವಾಗ ನಾವು ಈ ವಯಸ್ಸಿನ ಅಂತರವನ್ನು ಮರೆಯುತ್ತೇವೆ. ಇದಕ್ಕೆ ಪ್ರತಿಯಾದ ಇನ್ನೊಂದು ಪದಚರಿತ್ರೆಯೂ ಉಂಟು. ಹೊಸ ಜಗತ್ತಿನಿಂದ ಬಂದ ಬೀನ್ಸಿಗೆ ಕನ್ನಡ ಕೊಟ್ಟ ಹೆಸರು ‘ಹುರುಳಿಕಾಯಿ’. ಹುರುಳಿಗೂ ಆ ಕಾಯಿಗೂ ನೆಂಟಸ್ತಿಕೆ ದೂರದ್ದು, ಆದರೆ ಪರಿಚಯವಿಲ್ಲದ್ದನ್ನು ಮನೆಗೆ ಸೇರಿಸಿಕೊಳ್ಳುವಾಗ ಬಾಯಿಗೆ ಬಂದ ಹೆಸರು ಹುರುಳಿಯದು. ಅಂದಹಾಗೆ, ‘ಹುರುಳು’ ಎಂದರೆ ಸತ್ತ್ವ, ಆದ್ದರಿಂದ ಹುರುಳಿ ಸತ್ತ್ವಯುತ ಎಂದು ವಿಚಾರಗೋಷ್ಠಿಗಳಲ್ಲಿ ಹೇಳುವವರಿದ್ದಾರೆ. ಕಾಳಿನಲ್ಲಿ ನೂರಕ್ಕೆ 22ರಷ್ಟು ಪ್ರೋಟೀನ್ ಇರುವುದು ನಿಜ. ಅದನ್ನು ಸಾಧಿಸಲು ಧ್ವನಿಸಾಮ್ಯದ ನೆರವು ಬೇಕಿಲ್ಲ.

ಹುರುಳಿಗೆ ಅಂಟಿರುವ ಕೀಳುತನದ ಚರಿತ್ರೆ ಪ್ರತ್ಯೇಕ ಗಮನಕ್ಕೆ ಅರ್ಹವಾದುದು. ಇಂಗ್ಲಿಷಿನವರು ಇದನ್ನು ಕರೆದದ್ದೇ ಕುದುರೆಯ ಕಾಳು ಎಂದು. ‘ಗ್ರಾಂ’ ಎಂಬ ಮಾತು ಧಾನ್ಯವೆಂಬ ಅರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು. ದಕ್ಷಿಣದ ಸೈನ್ಯಗಳ ಕುದುರೆಗಳಿಗೆ, ಗಾಡಿಯ ಮತ್ತು ಉಳುವ ಎತ್ತುಗಳಿಗೆ ಬೇಯಿಸಿದ ಹುರುಳಿಯೇ ಬಲದ ಆಹಾರ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ತನ್ನ ದಿನಚರಿಯಲ್ಲಿ ಬೆದ್ದಲಿನ ಬೆಳೆಗಳ ನಡುವೆ ಹುರುಳಿಯನ್ನು ಹಲವು ಕಡೆ ಹೆಸರಿಸುತ್ತಾನೆ. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೆ ಕಟ್ಟಿದ ಸಡ್ಡೆಯ ಮೂಲಕ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುವ ಪದ್ಧತಿಯನ್ನೂ ಆತ ಕಂಡಿದ್ದ. 1807ರಲ್ಲಿ ಅಚ್ಚಾದ ಆ ಸಂಪುಟಗಳು ಹೊಲವನ್ನು ಬಹಳ ಚೆನ್ನಾಗಿ ನೋಡಿವೆ, ಒಲೆಯನ್ನು ಅಷ್ಟಾಗಿ ನೋಡಿಲ್ಲ. ಕಂಪನಿಯ ಅಧಿಕಾರಿಗೆ ಬೇಕಾದದ್ದು ಇಳುವರಿ ಮತ್ತು ಕಂದಾಯ.

ಪಶುವಿಗೂ ಮನುಷ್ಯನಿಗೂ ಒಂದೇ ಮಡಕೆಯಾಗಿದ್ದ ಸಂದರ್ಭಗಳು ಉಂಟೆಂಬುದನ್ನು ನನ್ನ ವಕ್ತೃಗಳು ಮೊದಮೊದಲು ಹೇಳಲಿಲ್ಲ. ಪರಿಚಯ ಬೆಳೆದ ಮೇಲೆ ಹೇಳಿದರು. ಉಳುಮೆಯ ದಿನಗಳಲ್ಲಿ ಎತ್ತುಗಳಿಗಾಗಿ ಹುರುಳಿ ಬೇಯಿಸಿ ಕಾಳನ್ನು ಬಾನಿಗೆ ಹಾಕುತ್ತಿದ್ದರು, ಬಸಿದ ಕಟ್ಟು ಮನೆಯವರ ಸಾರಿಗೆ ಆಗುತ್ತಿತ್ತು. ತೆಲುಗು ಸೀಮೆಯಲ್ಲಿ ಇಂದು ಹೋಟೆಲುಗಳ ಹೆಮ್ಮೆಯ ತಿನಿಸಾಗಿರುವ ‘ಉಲವಚಾರು’ವಿನ ಹುಟ್ಟನ್ನೂ ಜನ ಹೀಗೆಯೇ ಹೇಳುತ್ತಾರೆ. ಸ್ವಂತ ಎತ್ತಿಲ್ಲದ ಆಳುಮಕ್ಕಳ ಮನೆಯವರು ಒಡೆಯರ ಹಟ್ಟಿಯಿಂದ ಕಟ್ಟನ್ನು ತಂದುಕೊಳ್ಳುತ್ತಿದ್ದುದೂ ಉಂಟು. “ಕಾಳು ಎತ್ತಿಗೆ, ಕಟ್ಟು ನಮಗೆ. ಎತ್ತು ಬಡವಾದ್ರೆ ಗೌಡ್ರು ಕೇಳೋರು, ನಾವು ಬಡವಾದ್ರೆ ಯಾರು ಕೇಳ್ತಿದ್ರು?” ಎಂದು ಹಾಸನ ಜಿಲ್ಲೆಯ ಒಬ್ಬ ವೃದ್ಧರು ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಮನೆಯೊಳಗೂ ಇದೇ ಹಂಚಿಕೆ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತಿತ್ತು. ಒಗ್ಗರಣೆ ಹಾಕಿದ ಕಾಳು ಹೊಲಕ್ಕೆ ಹೋಗುವ ಗಂಡಸರ ಬುತ್ತಿಗೆ, ಆಮೇಲೆ ಮಕ್ಕಳಿಗೆ. ಕಡೆಗೆ ಉಣ್ಣುವ ಹೆಂಗಸರ ಪಾಲಿಗೆ ಕಟ್ಟು, ಅದೂ ನೀರು ಸೇರಿ ಬೆಳೆದದ್ದು. ನೆಂಟರ ಮುಂದೆ ಈ ಮಡಕೆಯನ್ನು ಮರೆಮಾಡುವ ಸಂಕೋಚದ ಬೇರುಗಳು ಇಲ್ಲಿವೆ. ಸ್ವಾದದ ಬಗ್ಗೆ ಯಾರಿಗೂ ದೂರಿರಲಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ ರಾಗಿಗೂ ಅಕ್ಕಿಗೂ ನಡೆದ ವಾದವನ್ನು ಕಥೆಯಾಗಿಸಿ ರಾಗಿಗೆ ಗೌರವ ತಂದುಕೊಟ್ಟಿತು. ಕಾಳುಗಳ ನಡುವೆ ಅಂಥ ವಾದ ಹೂಡಿದ ಕವಿ ಹುರುಳಿಗೆ ದೊರೆಯಲಿಲ್ಲ. ನವಧಾನ್ಯಗಳಲ್ಲಿ ಅದಕ್ಕೆ ಸ್ಥಾನವಿದೆ, ಅಲ್ಲಿಯೂ ಕಡೆಯ ಗ್ರಹವಾದ ಕೇತುವಿಗೆ. ವೈದ್ಯಗ್ರಂಥಗಳು ಕುಲತ್ಥದ ಯೂಷವನ್ನು ಔಷಧವಾಗಿ ಒಪ್ಪಿಕೊಂಡಿವೆ. ಹಳ್ಳಿಯ ತಿಳಿವಳಿಕೆಯೂ ಇದನ್ನು ‘ಉಷ್ಣ’ವೆಂದೇ ಎಣಿಸಿ ಚಳಿ ಮಳೆಗಾಲದಲ್ಲಿ ಬಯಸುತ್ತದೆ, ಬಸುರಿಯರಿಗೆ ಕೊಡಲು ಹಿಂಜರಿಯುತ್ತದೆ.

ಅರ್ಥಶಾಸ್ತ್ರವು ಹೇಳಿದ ತಡವಾದ ಬಿತ್ತನೆಯ ವಿಷಯಕ್ಕೆ ಈಗ ಬರಬಹುದು. ಬಯಲುಸೀಮೆಯ ರೈತನ ಲೆಕ್ಕದಲ್ಲಿ ಹುರುಳಿ ಎರಡನೆಯ ಅವಕಾಶದ ಬೆಳೆ. ಮುಂಗಾರಿನ ರಾಗಿ ಕೈಕೊಟ್ಟರೆ ಅದೇ ಹೊಲವನ್ನು ಹರಗಿ, ಹಿಂಗಾರಿನ ಒಂದೆರಡು ಹದಮಳೆಗೆ ಹುರುಳಿ ಚೆಲ್ಲಬಹುದು. ಮಂಜಿನ ತೇವದಲ್ಲೇ ಅದು ಕಾಯಿಕಟ್ಟುತ್ತದೆ ಎಂದು ರೈತರು ಹೇಳುತ್ತಾರೆ. ಈ ಎರಡನೆಯ ಬಾಗಿಲೂ ಮುಚ್ಚಿದ ವರ್ಷಗಳೇ ಮಹಾಕ್ಷಾಮದ ವರ್ಷಗಳು. 1876ರಲ್ಲಿ ಮುಂಗಾರು ಹಿಂಗಾರು ಎರಡೂ ವಿಫಲವಾಗಿ ಧಾತು–ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ಹಿಡಿಯಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಬರದ ನೆನಪುಗಳನ್ನು ಕೇಳಿದಾಗ ಜನ ಮಳೆಯ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಹಗೇವಿನ ಬಗ್ಗೆ ಹೇಳುತ್ತಾರೆ. ಯಾರ ಹಗೇವಿನಲ್ಲಿ ಏನಿತ್ತು, ಯಾರು ಬಾಯಿ ತೆರೆಸಿದರು, ಯಾರು ತೆರೆಸಲಿಲ್ಲ ಎಂಬುದೇ ಆ ಕಥನಗಳ ತಿರುಳು. ಕಾಳಿನ ಸಂಗ್ರಹ ಹೆಂಗಸರ ಜವಾಬ್ದಾರಿಯಾಗಿತ್ತು. ತೊಗರಿ, ಅವರೆಗಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಕಾಳಿಗೆ ಬೂದಿ ಬೆರೆಸಿ ಗುಡಾಣದಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತುವುದು ಇವೆಲ್ಲ ಹುಳದ ವಿರುದ್ಧ ಮಾತ್ರವಲ್ಲ, ಮುಂದಿನ ಮಳೆಯ ವಿರುದ್ಧವೂ ಹೂಡಿದ ಬೇಲಿ.

ಈಚಿನ ಸ್ಥಿತಿ ಬೇರೆ. ಕಣ ಮಾಡುವ ನೆಲವೂ ಗುಂಡು ಎಳೆಯುವ ಎತ್ತುಗಳೂ ವಿರಳವಾದ ಮೇಲೆ, ಡಿಸೆಂಬರ್, ಜನವರಿಗಳಲ್ಲಿ ಕಿತ್ತ ಹುರುಳಿಗಿಡಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ಒಕ್ಕಿಸುವುದು ದಕ್ಷಿಣ ಕರ್ನಾಟಕದ ಸಾಮಾನ್ಯ ನೋಟ. ಸವಾರರು ಜಾರಿ ಬಿದ್ದ ಸುದ್ದಿಗಳು ಪ್ರತಿ ಸುಗ್ಗಿಯಲ್ಲಿಯೂ ಪತ್ರಿಕೆಗಳಲ್ಲಿ ಬರುತ್ತವೆ. ಮೊರದಲ್ಲಿ ಆರಿಸುವ ಕಲ್ಲಿನ ಜೊತೆಗೆ ಈಗ ಡಾಂಬರಿನ ಹರಳೂ ಸೇರಿದೆ. ವಿಶ್ವಸಂಸ್ಥೆ 2016ನ್ನು ಬೇಳೆಕಾಳುಗಳ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿದ ಮೇಲೆ ಮೇಳಗಳ ಮಳಿಗೆಗಳಲ್ಲಿ ಹುರುಳಿಗೆ ಚಂದದ ಪೊಟ್ಟಣ ದೊರೆತಿದೆ. ದನದ ಕಾಳೆಂದು ಮರೆಮಾಚಿದ್ದನ್ನು ಈಗ ನಗರದವರು ಹುಡುಕಿ ಕೊಳ್ಳುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗುವ ‘ಪರಂಪರೆ’ಯ ಮಾತಿನಲ್ಲಿ ಕಟ್ಟು ಯಾರ ಪಾಲು, ಕಾಳು ಯಾರ ಪಾಲು ಎಂಬ ವಿವರ ಇರುವುದಿಲ್ಲ.

2006ರಲ್ಲಿ ಹಿತ್ತಿಲ ಒಲೆಯನ್ನು ತೋರಿಸಿದ ಆ ತಾಯಿಯ ಮನೆಗೆ ಆಮೇಲೆ ಹಲವು ಬಾರಿ ಹೋಗಿದ್ದೇನೆ. ಮೊದಲ ಪ್ರಶ್ನಾವಳಿಯಲ್ಲಿ ‘ಏನು ಅಡುಗೆ?’ ಎಂದಿದ್ದ ಜಾಗದಲ್ಲಿ ‘ನಿನ್ನೆ ರಾತ್ರಿ ಏನು ನೆನೆಹಾಕಿದ್ದಿರಿ?’ ಎಂದು ತಿದ್ದಿಕೊಂಡೆ. ಈ ಪ್ರಶ್ನೆಗೆ ಮರ್ಯಾದೆಯ ಉತ್ತರ ಕೊಡುವುದು ಕಷ್ಟ, ಪಾತ್ರೆ ಅಲ್ಲೇ ಇರುತ್ತದೆ. ಬೇಯುವ ಹೊತ್ತನ್ನು ಅವರು ಕೆಲಸಗಳಲ್ಲಿ ಅಳೆಯುತ್ತಿದ್ದರು. ಸಗಣಿ ಬಾಚುವ ಮುಂಚೆ ಏರಿಸಿದರೆ, ಹಾಲು ಕರೆದು ಡೈರಿಗೆ ಹಾಕಿ ಬರುವ ಹೊತ್ತಿಗೆ ಒಂದು ಹದ, ನೀರು ಹೊತ್ತು ಮುಗಿಸುವ ಹೊತ್ತಿಗೆ ಇನ್ನೊಂದು. ಅವರು ತೀರಿಕೊಂಡ ಮೇಲೆ ಸೊಸೆಯ ಅಡುಗೆಮನೆಯಲ್ಲಿ ಆ ಅಳತೆ ಕುಕ್ಕರಿನ ಕೂಗಿಗೆ ಬದಲಾಗಿದೆ, ನೆನೆದ ಕಾಳಿಗೆ ಐದೋ ಆರೋ ಕೂಗು. ಕುಕ್ಕರಿನಲ್ಲಿ ಕಟ್ಟು ಗಟ್ಟಿಯಾಗಿ ಬರುವುದಿಲ್ಲವೆಂದು ಅತ್ತೆ ಕಡೆಯವರೆಗೂ ದೂರುತ್ತಿದ್ದರಂತೆ. ಸೊಸೆ ಅದನ್ನು ಒಪ್ಪುತ್ತಾಳೆ, ಆದ್ದರಿಂದ ಬಸಿದ ಕಟ್ಟನ್ನು ಬೇರೆ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಇನ್ನೂ ಅರ್ಧ ಗಂಟೆ ಬತ್ತಿಸುತ್ತಾಳೆ. ಕಳೆದ ಸಲ ಹೋದಾಗ ನನಗೆ ಬಡಿಸಿದ್ದು ಅದೇ ಸಾರು, ಜೊತೆಗೆ ಕಾಳು.